ಮಡಚುವ ಸೈಕಲ್ಲಿಗೆ ಟೈರು ಹುಡುಕಿದ್ದು

ಕಳೆದ ವಾರ ಸೋಮವಾರ ಬೆಳಿಗ್ಗೆ ಎಂಟೂವರೆಗೆ, ಬಾಶೆಟ್ಟಿಹಳ್ಳಿಯ ಕಾರ್ಖಾನೆ ರಸ್ತೆಯಲ್ಲಿ, ನನ್ನ ಮಡಚುವ ಸೈಕಲ್ಲಿನ ಹಿಂದಿನ ಟೈರು ಸೀಳಿತು. ಕಾರಣ, ಬೆರಳುದ್ದದ ಒಂದು ಕಬ್ಬಿಣದ ಚೂರು. ಗಾಯಾಳುಗಳಿಲ್ಲ.

ಸುದ್ದಿ ಇಷ್ಟೇ. ಪರಿಣಾಮ ಶುರುವಾದದ್ದು ಮರುದಿನ. ದೊಡ್ಡಬಳ್ಳಾಪುರದ ಪತ್ರಿಕಾ ಕಚೇರಿಗೆ ನಾನು ಬಾಮೈದ ಮಂಜುನಾಥನ ಬೈಕಿನ ಹಿಂದೆ ಕೂತು ಹೋಗಬೇಕಾಯಿತು. ಕಾರ್ಖಾನೆಯಲ್ಲಿ ಅವನ ರಾತ್ರಿ ಪಾಳಿ ಮುಗಿಯುವುದು ಆರಕ್ಕೆ, ಮಲಗುವ ಮೊದಲು ನನ್ನನ್ನು ಬಿಟ್ಟುಬರುತ್ತಿದ್ದ. ನಮ್ಮ ಕಚೇರಿಯ ಬೀಗ ತೆಗೆಯುವುದು ಒಂಬತ್ತಕ್ಕೆ. ನಡುವಿನ ಹೊತ್ತೆಲ್ಲ ನಾನು ಮೆಟ್ಟಿಲ ಮೇಲೆ. ಅದನ್ನಾದರೂ ಸಹಿಸಬಹುದು, ದಾರಿಯುದ್ದಕ್ಕೂ ಕೇಳಬೇಕಾದ ಉಪದೇಶವನ್ನಲ್ಲ.

"ಭಾವ, ಆ ಸರ್ಕಸ್ ಸೈಕಲ್ನ ಗುಜರಿಗೆ ಹಾಕ್ಬಿಡಿ. ಭಾನುವಾರ ಹೋಗಿ ಸ್ಕೂಟ್ರು ನೋಡ್ಕೊಂಡ್ ಬರಣ. ಅಕ್ಕಂಗೂ ಹೇಳಿದೀನಿ."

ಅಕ್ಕ, ಅಂದರೆ ನನ್ನ ಹೆಂಡತಿ, ಆಗಲೇ ಒಪ್ಪಿದ್ದಳು. ಮಂಚದ ಕೆಳಗೆ ಮಡಚಿಟ್ಟ ಸೈಕಲ್ಲು ಕಸ ಗುಡಿಸಲು ಅಡ್ಡ ಎಂಬುದು ಅವಳ ಹಳೆಯ ತಕರಾರು. ಭಾನುವಾರದೊಳಗೆ ಟೈರು ಹಾಕಿಸಿಯೇ ಸಿದ್ಧ ಎಂದು ನಿಶ್ಚಯಿಸಿದೆ.

ಇಲ್ಲಿ ನನ್ನ ವೃತ್ತಿ ಕೈಕೊಟ್ಟಿತು. ಅರ್ಧ ಆಯುಷ್ಯವನ್ನು ಬೇರೆಯವರ ವರದಿ ತಿದ್ದುವುದರಲ್ಲಿ ಕಳೆದವನು ನಾನು. ಒಂದೇ ಸಾಲಿನಲ್ಲಿ ಮೂರು ಅಂಕಿ ಕಂಡರೆ ಎರಡನ್ನು ಹೊಡೆದುಹಾಕದೆ ಪೆನ್ನು ಮುಂದಕ್ಕೆ ಹೋಗುವುದಿಲ್ಲ. ಹರಿದ ಟೈರಿನ ಮಗ್ಗುಲ ಮೇಲೆ ಉಬ್ಬಿದ ಅಂಕಿಗಳ ಒಂದು ಸಾಲೇ ಇತ್ತು. ಇಷ್ಟು ವಿವರ ಯಾರಿಗೆ ಬೇಕೆಂದು ಚೀಟಿಯಲ್ಲಿ ‘ಇಪ್ಪತ್ತು ಇಂಚು’ ಎಂದಷ್ಟೇ ಬರೆದುಕೊಂಡು ಹೋಗಿ, ಹೊಸ ಟೈರು ತಂದೆ.

ಸೈಕಲ್ ರಿಪೇರಿಯ ಬಾಷಾ ಸಾಹೇಬರು ಅದನ್ನು ರಿಮ್ಮಿಗೆ ಹತ್ತಿಸಲು ಕಾಲುಗಂಟೆ ಗುದ್ದಾಡಿದರು.

"ಇದು ಮಕ್ಕಳ ಸೈಕಲ್ದು ಸಾರ್. ಹಳೇದ್ರ ಮೇಲೆ ಏನ್ ಬರ್ದಿತ್ತು?"

"ಇಪ್ಪತ್ತು."

"ಆಮೇಲೆ?"

"ಆಮೇಲಿಂದು ಬಿಟ್ಬಿಟ್ಟೆ."

"ಪೇಪರ್ನೋರೇ ಹಿಂಗ್ ಅರ್ಧ ಬರ್ಕೊಂಡ್ ಬಂದ್ರೆ ಹೆಂಗೆ ಸಾರ್!"

ಇಪ್ಪತ್ತು ಎಂಬುದು ಗಾಳಿ ತುಂಬಿದ ಟೈರಿನ ಹೊರಗಿನ ಅಡ್ಡಳತೆ, ಅದೂ ಅಂದಾಜಿನದು ಎಂದು ಅವರೇ ತಿಳಿಸಿಕೊಟ್ಟರು. ಚಿಕ್ಕ ರಿಮ್ಮಿಗೆ ದಪ್ಪ ಟೈರು ಹಾಕಿದರೂ ಇಪ್ಪತ್ತು, ದೊಡ್ಡ ರಿಮ್ಮಿಗೆ ಸಣಕಲು ಟೈರು ಹಾಕಿದರೂ ಇಪ್ಪತ್ತು. ರಿಮ್ಮಿನ ನಿಜವಾದ ಅಳತೆ ಇರುವುದು ಸಾಲಿನ ಕೊನೆಯ ಅಂಕಿಯಲ್ಲಿ. ಮಕ್ಕಳ ಸೈಕಲ್ಲಿನದು ೪೦೬ ಮಿಲಿಮೀಟರು, ನನ್ನದು ೪೫೧. ಮುಖ್ಯವಾದದ್ದನ್ನು ಮೊದಲ ಸಾಲಿನಲ್ಲೇ ಹೇಳಿ ಎಂದು ನಾನು ವರದಿಗಾರರನ್ನು ಗದರುತ್ತಾ ಬಂದಿದ್ದೇನೆ. ಟೈರು ಮಾಡುವವರನ್ನು ಯಾರೂ ಗದರಿಲ್ಲ.

ಶನಿವಾರ ಬೆಂಗಳೂರಿಗೆ ಹೋದೆ. ಮೂರು ಅಂಗಡಿಗಳಲ್ಲಿ ಇಲ್ಲವೆಂದರು. ನಾಲ್ಕನೆಯದರಲ್ಲಿ ಎರಡು ಬಗೆ ಸಿಕ್ಕಿತು. ಒಂದು ರೇಸಿನದು, ಹೂವಿನಷ್ಟು ಹಗುರ. ಇನ್ನೊಂದು ಭಾರ, ಒಳಗೆ ಮುಳ್ಳು ತಡೆಯುವ ಪದರವಿದೆ.

"ಇದು ಹಾಕಿ ಅಂಕಲ್, ಸುಮ್ನೆ ಹಾರ್ಕೊಂಡ್ ಹೋಗುತ್ತೆ" ಎಂದ ಅಂಗಡಿಯವನು, ರೇಸಿನದನ್ನು ಕೊಟ್ಟು.

ಐವತ್ತು ದಾಟಿದವನು ಅಂಥದ್ದನ್ನು ಕೈಯಲ್ಲಿ ಹಿಡಿದರೆ ಸಾಕು, ಹೊಟ್ಟೆ ತಾನಾಗಿ ಒಳಕ್ಕೆ ಹೋಗುತ್ತದೆ. ಸ್ವಲ್ಪ ಹೆಚ್ಚು ಹೊತ್ತೇ ಹಿಡಿದಿದ್ದೆ. ಆದರೆ ನಾನು ಓಡಿಸಬೇಕಾದದ್ದು ಕಾರ್ಖಾನೆ ರಸ್ತೆಯಲ್ಲಿ. ಭಾರದ್ದನ್ನೇ ಕೊಂಡೆ.

ಭಾನುವಾರ ಬೆಳಿಗ್ಗೆ ಬಾಷಾ ಸಾಹೇಬರು ಐದೇ ನಿಮಿಷದಲ್ಲಿ ಅದನ್ನು ಹತ್ತಿಸಿದರು. ಹನ್ನೊಂದಕ್ಕೆ ಮಂಜುನಾಥನೂ ನನ್ನ ಹೆಂಡತಿಯೂ ಸ್ಕೂಟರ್ ಶೋರೂಮಿಗೆ ಹೋದರು, ನಾನು ಹೋಗಲಿಲ್ಲ. ಸೋಮವಾರ ಒಂಬತ್ತಕ್ಕೆ ಐದು ನಿಮಿಷವಿರುವಾಗ ಸೈಕಲ್ಲಿನಲ್ಲಿ ಕಚೇರಿ ಮುಟ್ಟಿದೆ.

ಸ್ಕೂಟರು ಹೆಂಡತಿಯ ಹೆಸರಿನಲ್ಲಿ ಬುಕ್ ಆಗಿದೆ. ಶುಕ್ರವಾರ ಬರುತ್ತದೆ.