ತೊಳೆದು ಒಣಗಿಸಿದ ಕಪ್‌ಗಳು

ನೋವಿಗೆಂದು ಮೈಗೆ ಕಪ್ ಇಟ್ಟು ರಕ್ತ ತೆಗೆಸುವ ಕಪ್ಪಿಂಗ್ ಮಾಡಿಸಿಕೊಳ್ಳಲು ಹೊರಟವರಿಗೆ ನನ್ನದು ಒಂದೇ ಮಾತು: ಕಪ್‌ನ ಪ್ಯಾಕೆಟ್ಟನ್ನು ನಿಮ್ಮ ಕಣ್ಣೆದುರೇ ಒಡೆಯಬೇಕು. ಅದಕ್ಕೆ ಕ್ಲಿನಿಕ್ಕಿನವರು ಮುಖ ಸಿಂಡರಿಸಿದರೆ ಎದ್ದು ಬನ್ನಿ.

ಕಲೂರಿನಲ್ಲಿ ನನ್ನದು ಆಸ್ಪತ್ರೆ ಸಾಮಾನಿನ ಅಂಗಡಿ. ಚೌಕಾಸಿ ಮಾಡಿಯೇ ಬೆಳೆಸಿದ್ದು. ಅಜ್ಜಿಯ ಕಾಲದಲ್ಲಿ ದನದ ಕೊಂಬು ಇಟ್ಟು ಬಾಯಿಂದ ಎಳೆದು ಕೆಟ್ಟ ರಕ್ತ ತೆಗೆಯುತ್ತಿದ್ದರಂತೆ. ಈಗ ಪ್ಲಾಸ್ಟಿಕ್ ಕಪ್ಪು, ಕೈಪಂಪು. ಅದರಿಂದ ನೋವು ಹೋಗುತ್ತದೋ ಇಲ್ಲವೋ ಎಂಬ ಜಗಳ ಬೇರೆ. ಆದರೆ ಚರ್ಮ ಗೀರಿ ರಕ್ತ ತೆಗೆದ ಕಪ್ ಒಬ್ಬರಿಗೆ ಮಾತ್ರ. ಆಮೇಲೆ ಅದು ಕಸ.

ಅಕ್ಕ ಇರುವುದು ತಿರುವನಂತಪುರದಲ್ಲಿ. ಭಾವ ಅಲ್ಲಿ ವಿಜ್ಞಾನಿ; ಕಪ್ಪಿಂಗ್ ಅಂದರೆ ನಗುವವರು. ಅಕ್ಕನ ಭುಜ ಹಿಡಿದುಕೊಂಡಿತ್ತು, ಡಾಕ್ಟರು ಹೇಳಿದ ವ್ಯಾಯಾಮ ಅವಳಿಗೆ ಬೇಜಾರು. ಯಾರೋ ನನ್ನ ಅಂಗಡಿಯ ಹತ್ತಿರದ ಪಾಲಾರಿವಟ್ಟಂನ ಕ್ಲಿನಿಕ್ಕೊಂದನ್ನು ಹೇಳಿದರೆಂದು ಗಂಡನಿಗೆ ತಿಳಿಸದೆ ರೈಲು ಹತ್ತಿ ಬಂದಳು. ಜೊತೆಗೆ ನಾನೂ ಹೋದೆ. ಆ ಕ್ಲಿನಿಕ್ಕಿನವನು ಶುರುವಿನಲ್ಲಿ ಒಮ್ಮೆ ನನ್ನಲ್ಲಿ ಕಪ್ ಕೊಂಡವನು, ಮತ್ತೆ ಬರೀ ಬ್ಲೇಡು, ಗ್ಲೌಸು. ಕಪ್ಪಿಗೆ ಬೇರೆ ಅಗ್ಗದ ಪಾರ್ಟಿ ಸಿಕ್ಕಿರಬೇಕು ಎಂದುಕೊಂಡಿದ್ದೆ.

ಅಕ್ಕ ಬೋರಲು ಮಲಗಿದಳು. ನಾನು ಕೈ ತೊಳೆಯಲು ಹಿಂದಿನ ಕೋಣೆಗೆ ಹೋದರೆ, ಕಿಟಕಿಯಲ್ಲಿ ಕಪ್‌ಗಳು! ಅಡುಗೆಮನೆಯ ಲೋಟಗಳ ಹಾಗೆ ಸಾಲಾಗಿ ಕವುಚಿ ಬಿಸಿಲಿಗೆ ಇಟ್ಟಿದ್ದವು. ಒಂದನ್ನೆತ್ತಿ ಬೆಳಕಿಗೆ ಹಿಡಿದೆ. ತುದಿಯಲ್ಲಿ ಗಾಳಿ ಎಳೆಯುವ ವಾಲ್ವಿನ ರಬ್ಬರಿನ ಸುತ್ತ ಕಂದು ಗೆರೆ, ಒಣಗಿದ ರಕ್ತದ್ದು.

ನಾನು ಓಡಿ ಬರುವಾಗ ಅವನ ಕೈಯಲ್ಲಿ ಬ್ಲೇಡಿತ್ತು.

"ಅಕ್ಕ, ಏಳು."

"ಎಂತ ಮಾರಾಯ್ತಿ, ಈಗಷ್ಟೇ ಮಲಗಿದ್ದು. ಇಲ್ಲಿಯೂ ನಿನ್ನ ಚೌಕಾಸಿಯಾ?"

ಅವನು ನಕ್ಕು ಅಕ್ಕನಿಗೆ ಮಲಯಾಳದಲ್ಲಿ ಹೇಳಿದ: "ಚೇಚೀ, ಎಲ್ಲ ಔಷಧದ ನೀರಲ್ಲಿ ತೊಳೆದದ್ದು. ನಿಮ್ಮ ತಂಗಿಗೆ ಕಪ್ ಮಾರುವ ಆಸೆ, ಅಷ್ಟೆ."

"ಹಾಗಾದರೆ ಇದನ್ನು ಮೊದಲು ನಿನ್ನ ಬೆನ್ನಿಗೆ ಇಟ್ಟುಕೋ. ಗೀರಲಿಕ್ಕೆ ನಾನಿದ್ದೇನೆ."

ಅವನ ನಗು ನಿಂತಿತು. ನಾನು ಕೈಯಲ್ಲಿದ್ದ ಕಪ್ಪನ್ನು ನೆಲಕ್ಕೆ ಹಾಕಿ ಚಪ್ಪಲಿಯಲ್ಲಿ ತುಳಿದೆ.

ಅಕ್ಕನನ್ನು ಎಬ್ಬಿಸಿ ಮೆಟ್ಟಿಲಿಳಿಸಿದೆ. ಕೆಳಗೆ ಬಂದ ಮೇಲೆ ನನ್ನ ಮುಖ ನೋಡದೆ ಹೇಳಿದಳು: "ಹೋದ ತಿಂಗಳು ಮದುವೆಗೆ ಬಂದಿದ್ದೆನಲ್ಲ, ಆಗಲೂ ಇಲ್ಲಿ ಹಾಕಿಸ್ಕೊಂಡಿದ್ದೆ. ನೀನು ಬೈತಿ ಅಂತ ಹೇಳ್ಲಿಲ್ಲ."

ತಿರುವನಂತಪುರದಲ್ಲಿ, ರಕ್ತದಿಂದ ಹರಡುವ ಹೆಪಟೈಟಿಸ್, ಎಚ್‌ಐವಿಗಳೇನಾದರೂ ಅಂಟಿದೆಯೇ ಎಂದು ಅಕ್ಕನ ರಕ್ತ ಪರೀಕ್ಷೆಯಾಯಿತು. ಮೊದಲ ರಿಪೋರ್ಟಿನಲ್ಲಿ ಏನೂ ಇಲ್ಲ. ಆದರೆ ಇಷ್ಟು ಬೇಗ ನಂಬುವಂತಿಲ್ಲ, ಕೆಲವು ತಿಂಗಳು ಬಿಟ್ಟು ಇನ್ನೊಮ್ಮೆ ಬನ್ನಿ ಎಂದರು ಡಾಕ್ಟರು. ಅಲ್ಲಿಯವರೆಗೆ ಗಂಡನ ವಿಷಯದಲ್ಲೂ ಜಾಗ್ರತೆ. ನಾನು ದೂರು ಕೊಟ್ಟೆ. ಅಧಿಕಾರಿಗಳು ಹೋಗುವಷ್ಟರಲ್ಲಿ ಅವನ ಮೇಜಿನ ಮೇಲೆ ಹೊಚ್ಚಹೊಸ ಕಪ್‌ಗಳು. ಅಂಗಡಿಯಿಂದ ಬ್ಲೇಡು ಕೊಡುವುದನ್ನು ನಿಲ್ಲಿಸಿದೆ, ಬೇರೆಯವರು ಕೊಟ್ಟರು. ಭಾನುವಾರ ಅಲ್ಲಿ ಈಗಲೂ ಜನ ಕಾಯುತ್ತಾರೆ. ನೆನೆದರೆ ಮೈ ಉರಿಯುತ್ತದೆ. ಒಂದು ಕಪ್ ಎಸೆಯಲಾರದ ಆ ಮನುಷ್ಯನಿಂದಾಗಿ ನನ್ನಕ್ಕ ತನ್ನ ಉಗುರುಕತ್ತರಿಯನ್ನು ಬಚ್ಚಿಟ್ಟುಕೊಂಡು, ದಿನಕ್ಕೊಂದು ನೆಪ ಹೇಳಿ ಗಂಡನಿಂದ ದೂರ ಮಲಗುತ್ತಿದ್ದಾಳೆ.

"ಭಾವನಿಗೆ ಹೇಳಿದ್ಯಾ?" ಎಂದು ನಿನ್ನೆ ಫೋನಿನಲ್ಲಿ ಕೇಳಿದೆ.

"ಎರಡನೇ ರಿಪೋರ್ಟ್ ಬರ್ಲಿ, ಹೇಳುವ."

"ಅಲ್ಲಿವರೆಗೆ ಅವರು ಎಂತ ಅಂದುಕೊಳ್ಬೇಕು? ನೀನು ಹೇಳದಿದ್ರೆ ನಾನೇ ಹೇಳ್ತೇನೆ."

ಬೈಯುತ್ತಾಳೆಂದುಕೊಂಡೆ. ಬದಲಿಗೆ, "ನೀನು ಬಾ. ಪಕ್ಕದಲ್ಲಿ ಕೂತ್ಕೋ, ನಾನೇ ಹೇಳ್ತೇನೆ" ಎಂದಳು.

ಅಂಗಡಿಗೆ ಬೀಗ ಹಾಕಿ ರೈಲು ಹತ್ತಿದ್ದೇನೆ.