ಕರಿಕಲ್ಲು ಎಳೆದ ಕೆಂಪು ಗೆರೆ

ಮೈಬಣ್ಣ ನೋಡಿ ಕಲ್ಲಿನ ಜಾತಿ ಹೇಳುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಮದುವೆಯಾಗಿ ಪಾವಗಡದ ಕಡೆಯಿಂದ ಪುರವರಕ್ಕೆ ಬಂದು ಮೂರು ತಿಂಗಳಾಗಿತ್ತು. ಅತ್ತೆ ಮನೆಯಲ್ಲಿ ನನ್ನ ಮಾತಿಗೆ ಮೂರು ಕಾಸಿನ ಬೆಲೆಯಿರಲಿಲ್ಲ. ಬಾಯಿ ತೆರೆದರೆ ತೆಲುಗು ಉದುರುತ್ತದೆಂದು ನಗುತ್ತಿದ್ದರು. ಅಷ್ಟರಲ್ಲಿ ನಾದಿನಿಯ ಮದುವೆ ಬಂತು.

ಗೋಡೆಗೆ ಸುಣ್ಣ ಬಳಿದಾಗಿತ್ತು. ಆದರೆ ಬುಡಕ್ಕೆ ಕೆಮ್ಮಣ್ಣಿನ ಪಟ್ಟೆ ಎಳೆಯದಿದ್ದರೆ ನಮ್ಮಲ್ಲಿ ಅದು ಮದುವೆ ಮನೆಯೇ ಅಲ್ಲ. ಯುದ್ಧದ ಕಾಲ, ಶಿರಾದ ಅಂಗಡಿಗಳಲ್ಲಿ ಕೆಮ್ಮಣ್ಣು ಇಲ್ಲವೆಂದು ನನ್ನ ಯಜಮಾನರು ಬರಿಗೈಯಲ್ಲಿ ಗಾಡಿ ಹೊಡೆದುಕೊಂಡು ಬಂದರು. ಬೀಗರು ಬರಲು ಎರಡೇ ದಿನ. ಅತ್ತೆ ಸುಮ್ಮನೆ ಕೂರುವ ಹೆಂಗಸಲ್ಲ. ಮಧುಗಿರಿ ಬೆಟ್ಟದ ತಪ್ಪಲಿನಿಂದ ಕೆಂಪು ಕಲ್ಲು ತರಿಸಿ ಒರಳಿಗೆ ಹಾಕಿಸಿದರು.

"ಅತ್ತೆ, ಇದು ಕೆಂಪಾಗಲ್ಲ" ಎಂದೆ.

"ಕಣ್ಣು ಕಾಣಾಕಿಲ್ವೇನೇ? ದಾಸವಾಳ ಇದ್ದಂಗೈತೆ. ಸುಮ್ಕೆ ಕುಟ್ಟು."

ಕುಟ್ಟಿದೆವು. ಮಧ್ಯಾಹ್ನದ ಹೊತ್ತಿಗೆ ಕೈಯಲ್ಲಿ ಬೊಬ್ಬೆ, ಒರಳಲ್ಲಿ ಬಿಳಚಿಕೊಂಡ ಪುಡಿ. ಕಲಸಿ ಬಳಿದರೆ ಸುಣ್ಣದ ಮೇಲೆ ಕಾಣಲೇ ಇಲ್ಲ. ಅತ್ತೆ ತಲೆಯ ಮೇಲೆ ಕೈ ಹೊತ್ತು ಕೂತರು.

ನನಗೆ ಈ ವಿದ್ಯೆ ಬಂದದ್ದು ಅಪ್ಪನಿಂದ. ಸರ್ಕಾರದಿಂದ ಕಲ್ಲು ಪರೀಕ್ಷೆಗೆ ಬಂದಿದ್ದ ಅಧಿಕಾರಿಗೆ ಗುಡ್ಡದ ದಾರಿ ತೋರಿಸಲು ಅಪ್ಪ ಹೋಗುತ್ತಿದ್ದರು. ಆ ಅಧಿಕಾರಿ ಪ್ರತಿ ಕಲ್ಲನ್ನೂ ಒರಟು ಬಿಳಿ ಬಿಲ್ಲೆಗೆ ಉಜ್ಜಿ, ಬಿದ್ದ ಗೆರೆಯ ಬಣ್ಣ ನೋಡುತ್ತಿದ್ದರಂತೆ. ಅಪ್ಪ ಮನೆಗೆ ಬಂದು ಅದನ್ನೇ ಮಾಡಿ ತೋರಿಸುತ್ತಿದ್ದರು. ಕಲ್ಲಿನ ಮೈಬಣ್ಣ ಏನೇ ಇರಲಿ, ಕುಟ್ಟಿದರೆ ಬರುವುದು ಆ ಗೆರೆಯ ಬಣ್ಣದ ಪುಡಿಯೇ ಎನ್ನುತ್ತಿದ್ದರು.

ಇಳಿಜಾರಿನಲ್ಲಿ ಚಕ್ರಕ್ಕೆ ಒತ್ತು ಕೊಡಲೆಂದು ಯಜಮಾನರು ಶಿರಾ ಕಡೆಯಿಂದ ನಾಲ್ಕು ಕರಿಕಲ್ಲು ಗಾಡಿಯಲ್ಲಿ ಹಾಕಿಕೊಂಡು ಬಂದಿದ್ದರು. ಎತ್ತಿ ನೋಡಿದೆ, ಕಬ್ಬಿಣದಂಥ ಭಾರಿ ತೂಕ. ಅತ್ತೆಯ ಉಪ್ಪಿನಕಾಯಿ ಜಾಡಿ ಖಾಲಿಯಾಗಿ ಬಿಸಿಲಿಗೆ ಒಣಗುತ್ತಿತ್ತು. ಅವರನ್ನು ಬಿಟ್ಟು ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ನಾನು ಮುಟ್ಟಿದ್ದಷ್ಟೇ ಅಲ್ಲ, ಕವುಚಿಯೇ ಹಾಕಿದೆ. ಪಿಂಗಾಣಿ ಜಾಡಿಯ ತಳದಂಚಿಗೆ ಮೆರುಗು ಇರುವುದಿಲ್ಲ, ಆ ಅಧಿಕಾರಿಯ ಬಿಲ್ಲೆಯಂತೆ ಬಿಳಿಯಾಗಿ ಒರಟಾಗಿರುತ್ತದೆ.

"ಜಾಡಿ ಮುಟ್ಬುಟ್ಯಾ? ಮದ್ವೆ ಮನೇಲಿ ಕರಿಕಲ್ಲು ಬೇರೆ ಹಿಡ್ಕಂಡು ನಿಂತವ್ಳೆ" ಎಂದು ಅತ್ತೆ ಎದ್ದು ಬಂದರು. ಕೆಂಪು ಇದರಲ್ಲೇ ಸಿಗಬಹುದು ಎಂದೆ. "ಕೆಂಪು ಬರ್ಲಿಲ್ಲ ಅಂದ್ರೆ ಇದೇ ಗಾಡಿ ಹತ್ತಿ ನಿಮ್ಮಪ್ಪನ ಮನೆಗೆ ಹೋಗು."

"ಆಗ್ಲಿ, ಹೋಗ್ತೀನಿ" ಎಂದುಬಿಟ್ಟೆ. ಹಾಳು ಸಿಟ್ಟು.

ಮೊದಲ ಕಲ್ಲು ಉಜ್ಜಿದೆ. ಕಪ್ಪು ಗೆರೆ. ಯಾರೋ ಹಿಂದೆ ಕಿಸಕ್ಕೆಂದರು. ಎರಡನೆಯದನ್ನು ಹಲ್ಲು ಕಚ್ಚಿ ಎಳೆದೆ. ಬಿಳಿ ಅಂಚಿನ ಮೇಲೆ ಕೆಂಪು ಗೆರೆ! ಮೂರನೆಯದೂ ಕೆಂಪು, ನಾಲ್ಕನೆಯದೂ ಕೆಂಪು. ಖುಷಿಗೆ ಅಲ್ಲೇ ಕುಣಿಯಬೇಕೆನ್ನಿಸಿತು.

ಯಜಮಾನರೇ ಹಾರೆ ಹಿಡಿದು ಆ ಮೂರನ್ನೂ ಒಡೆದರು. ಕುಟ್ಟಿ, ಬಟ್ಟೆಯಲ್ಲಿ ಸೋಸಿ ಕಲಸಿದೆವು. ಸಂಜೆಯೊಳಗೆ ಇಡೀ ಮನೆಗೆ ಅಂಗೈಯಗಲದ ಪಟ್ಟೆ ಎದ್ದಿತ್ತು. ಅತ್ತೆ ತಮ್ಮ ಜಾಡಿ ಎತ್ತಿಕೊಂಡು ಒಳಗೆ ಹೋದರು.

ಮರುದಿನ ಪಕ್ಕದ ಮನೆಯಾಕೆ ಬಂದು, "ಎಲ್ಲೂ ಸಿಗ್ದಿರೋ ಕೆಮ್ಮಣ್ಣು ನಿಮಗೆಂಗೆ ಸಿಕ್ತು?" ಎಂದು ಅತ್ತೆಯನ್ನು ಕೇಳಿದಳು.

"ನನ್ನೇನು ಕೇಳ್ತೀಯ? ನನಗೇನು ಗೊತ್ತು ಕಣಮ್ಮ, ನನ್ ಸೊಸೆನ ಕೇಳು" ಎಂದರು ಅತ್ತೆ. ಹಾಗೆಂದವರು ಕೆಲಸಕ್ಕೆ ಎದ್ದು ಹೋಗಲಿಲ್ಲ. ನಾನು ಏನು ಹೇಳುತ್ತೇನೋ ಕೇಳಲು ಅವಳ ಪಕ್ಕದಲ್ಲೇ ಕೂತರು.