ಸೀಟಿ ನಿಂತ ಮಧ್ಯಾಹ್ನ

ಕಾಕಾರ ಬಲಗಿವಿ ಯಾವಾಗಲೂ ತಣ್ಣಗಿರುತ್ತಿತ್ತು. ಅಗಲವಾದ, ಅಂಚಿನಲ್ಲಿ ನಾಲ್ಕು ಬಿಳಿ ಕೂದಲು ಎದ್ದಿದ್ದ ಆ ಕಿವಿಯನ್ನು ಅವರು ನನ್ನ ಬರಿಬೆನ್ನಿಗೆ ಒತ್ತಿದಾಗ ನಾನು ಮೈ ಹಿಡಿಮಾಡಿಕೊಂಡು ನಗುತ್ತಿದ್ದೆ. "ನಗಬ್ಯಾಡ ಅವ್ವಿ, ನಿನ್ನ ನಗಿ ಕೇಳಾಕ ಬಂದಿಲ್ಲ ನಾ" ಎಂದು ಗದರಿ ಮತ್ತೆ ಕಿವಿ ಇಡುತ್ತಿದ್ದರು.

ಸಂಬಂಧದಲ್ಲಿ ಅವರು ಕಾಕಾ ಅಲ್ಲ. ಕೂಕಟ್‌ಪಲ್ಲಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಎರಡೂ ಮನೆಯವರು ಬೀದರ್ ಕಡೆಯಿಂದ ಬಂದವರು. ಹೊರಗೆ ತೆಲುಗು, ಅಂಗಡಿಯಲ್ಲಿ ಹಿಂದಿ, ಆ ಗೋಡೆಯ ಆಚೆ ಈಚೆ ಮಾತ್ರ ಕನ್ನಡ. ಕಾಕಾ ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯೊಂದರಲ್ಲಿ ಪುಡಿ ಜರಡಿ ಹಿಡಿಯುತ್ತಿದ್ದರು. ಅವರಿಗೂ ದಮ್ಮು, ನನಗೂ ದಮ್ಮು. ಮಕ್ಕಳಿಲ್ಲದ ಅವರಿಗೂ ನನಗೂ ಗಂಟು ಬಿದ್ದದ್ದು ಈ ಕಾಯಿಲೆಯಿಂದಲೇ.

ಉಸಿರು ಬಿಡುವಾಗ ಎದೆಯೊಳಗಿಂದ ಬರುವ ಶಬ್ದಕ್ಕೆ ಅವರು ಸೀಟಿ ಎನ್ನುತ್ತಿದ್ದರು. ಸೀಟಿ ಉದ್ದವಾದಷ್ಟೂ ಉಸಿರಿನ ನಳಿಗೆ ಬಿಗಿದಿದೆ ಎಂದು ಲೆಕ್ಕ. ಇನ್ನೊಂದು ಪರೀಕ್ಷೆಯೂ ಇತ್ತು. ದಿನಾ ಬೆಳಿಗ್ಗೆ ಹೊಸ್ತಿಲಲ್ಲಿ ನಿಂತು, ತಮ್ಮ ಕಾರ್ಖಾನೆಯ ಬಸ್ಸು ಹೋಗುವ ದಾರಿಯ ಸ್ಟಾಪುಗಳನ್ನು ಒಂದೇ ಉಸಿರಿಗೆ ಹೇಳುತ್ತಿದ್ದರು. ಕೂಕಟ್‌ಪಲ್ಲಿ, ನಿಜಾಂಪೇಟ, ಮಿಯಾಪುರ, ಮದೀನಗುಡ, ಚಂದಾನಗರ, ಲಿಂಗಂಪಲ್ಲಿ, ರಾಮಚಂದ್ರಾಪುರ, ಪಟಾನ್‌ಚೆರು. ಪೂರ್ತಿ ಹೋದರೆ ಡ್ಯೂಟಿಗೆ. ಲಿಂಗಂಪಲ್ಲಿ ಮುಟ್ಟದಿದ್ದರೆ ಬಾಯಿಗಿಟ್ಟು ಎಳೆದುಕೊಳ್ಳುವ ದಮ್ಮಿನ ಪಂಪು. ಮಿಯಾಪುರವನ್ನೇ ದಾಟದಿದ್ದರೆ ಆಟೋ ಹಿಡಿದು ದವಾಖಾನೆ. "ಇವತ್ತ ಚಂದಾನಗರದಾಗ ಇಳದೆ ನೋಡು" ಎಂದು ನಗುತ್ತಾ ಪಂಪು ಎಳೆದುಕೊಳ್ಳುತ್ತಿದ್ದರು. ನಾನೂ ಅವರ ಪಕ್ಕದಲ್ಲಿ ನಿಂತು ಹೇಳಬೇಕು. ಶಾಲೆಯ ಮಗ್ಗಿಗಿಂತ ಮೊದಲು ನನಗೆ ಬಾಯಿಪಾಠವಾದದ್ದು ಈ ಸ್ಟಾಪುಗಳು.

ನನಗೆ ಎಂಟು ವರ್ಷವಿದ್ದಾಗ ಒಂದು ದಿನ ಬೆಳಗಿನಿಂದ ಸೀಟಿ ಹೊಡೆದೂ ಹೊಡೆದೂ ಸುಸ್ತಾಗಿದ್ದೆ. ಸಂಜೆಗೆ ಶಬ್ದ ನಿಂತಿತು. ಅವ್ವ ದೇವರಿಗೆ ಕೈ ಮುಗಿದು ಅನ್ನ ಕಲಸಲು ಕೂತಳು. ಕಾಕಾ ಕೆಲಸದಿಂದ ಬಂದವರು ಚಪ್ಪಲಿ ಕೂಡ ಬಿಡದೆ ನನ್ನ ಬೆನ್ನಿಗೆ ಕಿವಿ ಇಟ್ಟರು. ಮರುಗಳಿಗೆಗೆ ನಾನು ಅವರ ಹೆಗಲ ಮೇಲಿದ್ದೆ. ಮೆಟ್ಟಿಲಿಳಿಯುತ್ತಲೇ ಅವ್ವನ ಕಡೆ ಕೂಗಿದರು: "ಸೀಟಿ ನಿಂತ್ರ ಆರಾಮ ಆತು ಅಂತಲ್ರಿ ವೈನಿ! ಗಾಳಿನ ಹೊಂಟಿಲ್ಲ ಅಂತ! ಸೀಟಿ ಇರೋತನಕ ಅಂಜಬ್ಯಾಡ್ರಿ, ನಿಂತ್ರ ಅಂಜ್ರಿ!"

ದಮ್ಮಿನ ಮನುಷ್ಯ ನನ್ನನ್ನು ಹೊತ್ತು ಓಡಿದರು. ದವಾಖಾನೆಯಲ್ಲಿ ನನಗೆ ಆಕ್ಸಿಜನ್ ಹಚ್ಚಿದ ಮೇಲೆ ಅವರನ್ನೂ ಪಕ್ಕದ ಮಂಚದಲ್ಲಿ ಮಲಗಿಸಬೇಕಾಯಿತು. ಕಾರ್ಖಾನೆಯಲ್ಲಿ ಜೊತೆಗಾರನೊಬ್ಬ ಹೀಗೆ ಸದ್ದಿಲ್ಲದೆ ಗೋಡೆಗೆ ಒರಗಿದವನು ಮತ್ತೆ ಏಳಲಿಲ್ಲ ಎಂಬುದನ್ನು ಎಷ್ಟೋ ವರ್ಷಗಳ ಮೇಲೆ ಹೇಳಿದರು.

ದೊಡ್ಡವಳಾದ ಮೇಲೆ ನಾನು ಉಸಿರಿನ ಕೆಲಸಕ್ಕೇ ಸೇರಿದೆ. ದೊಡ್ಡ ಆಸ್ಪತ್ರೆಯೊಂದರಲ್ಲಿ ಶ್ವಾಸಕೋಶದ ಪರೀಕ್ಷೆ ಮಾಡುವ ಟೆಕ್ನೀಷಿಯನ್. ದಿನವಿಡೀ ಜನರ ಬಾಯಿಗೆ ಕೊಳವೆ ಕೊಟ್ಟು "ಊದಿ, ಇನ್ನೂ ಊದಿ" ಎಂದು ಅರಚುವುದು ನನ್ನ ನೌಕರಿ. ಕಾಕಾ ನಿವೃತ್ತರಾದ ಮೇಲೆ ಅವರನ್ನೂ ಕರೆದೊಯ್ದೆ. ಮೂರು ಸಲ ಊದಿ, ಮೂರು ಸಲವೂ ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಂಡರು. "ಇಷ್ಟು ಜೋರ ಊದಾಕ ಬರ್ತಿದ್ರ ನಾ ಇಲ್ಲಿಗ್ಯಾಕ ಬರ್ತಿದ್ದೆ?" ಎಂದಾಗ ಡಾಕ್ಟರೂ ನಕ್ಕರು.

ಊದಲಾಗದವರ ಉಸಿರಿನ ಸದ್ದನ್ನು ಕೇಳಿಯೇ ಶ್ವಾಸಕೋಶದ ಬಲ ಅಳೆಯಬಹುದೇ ಎಂದು ನಮ್ಮಲ್ಲಿ ಆಗ ನೋಡುತ್ತಿದ್ದರು. ಕಾಕಾರ ಕತ್ತಿಗೊಂದು, ಬೆನ್ನಿಗೆರಡು ಪುಟ್ಟ ಮೈಕು ಅಂಟಿಸಿ ಸುಮ್ಮನೆ ಉಸಿರಾಡಲು ಹೇಳಿದೆವು. ಮುಗಿದ ಮೇಲೆ ಅವರ ಕಿವಿಗೇ ಹೆಡ್‌ಫೋನ್ ಹಾಕಿದೆ. ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದರು. ಖುಷಿಪಡುತ್ತಾರೆ ಎಂದುಕೊಂಡಿದ್ದೆ.

"ಇಷ್ಟು ದಿನ ಮಂದೀದು ಕೇಳಿದೆ. ನಂದು ಇವತ್ತ ಕೇಳಿದೆ" ಎಂದು ಹೆಡ್‌ಫೋನ್ ತೆಗೆದು ನನ್ನ ಕೈಗಿಟ್ಟರು. "ಭಾಳ ಸಣ್ಣ ದಾರಿ ಉಳದೈತಿ ಅವ್ವಿ."

ಹಾಗೆಲ್ಲ ಅನ್ನಬೇಡಿ ಎಂದು ಬೈದೆ. ಬೈಯುವುದು ನನಗೆ ಚೆನ್ನಾಗಿ ಬರುತ್ತದೆ.

ಅದಾಗಿ ಎರಡು ತಿಂಗಳಿಗೆ, ಚಳಿ ಶುರುವಾದ ಒಂದು ಸೋಮವಾರ, ಕೆಲಸಕ್ಕೆ ಹೊರಟವಳು ಅವರ ಬಾಗಿಲಲ್ಲಿ ಇಣುಕಿದೆ. ಮೊಣಕಾಲಿಗೆ ಕೈ ಊರಿ ಕೂತಿದ್ದರು. ಸೀಟಿ ಬೀದಿಗೆ ಕೇಳುತ್ತಿತ್ತು. ಸ್ಟಾಪು ಹೇಳಿಸಿದೆ. ಮದೀನಗುಡದಲ್ಲಿ ನಿಂತರು. ಪಂಪು ಕೊಟ್ಟೆ, ಸ್ವಲ್ಪ ಹಗುರಾಯಿತು. ಆಸ್ಪತ್ರೆಗೆ ನಡೆಯಿರಿ ಎಂದರೆ "ಸಂಜೀಕ ನೀ ಬಂದ ಮ್ಯಾಲ ನೋಡೂಣು" ಎಂದರು. ನಾನೂ ಒತ್ತಾಯ ಮಾಡಲಿಲ್ಲ. ಸೋಮವಾರ ನಮ್ಮ ಆಸ್ಪತ್ರೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅವರ ಹೆಂಡತಿ ಕಾಕುಗೆ ಹೇಳಿ ಹೊರಟೆ: "ಸೀಟಿ ಜಾಸ್ತಿ ಆದ್ರ ಫೋನ್ ಮಾಡ್ರಿ ಕಾಕು."

ಜಾಸ್ತಿಯಾದರೆ ಎಂದೆ. ನಿಂತರೆ ಎಂದು ಹೇಳಲಿಲ್ಲ.

ಮಧ್ಯಾಹ್ನ ಒಂದೂವರೆಗೆ ಕಾಕುವಿನ ಫೋನು ಬಂತು. ನನ್ನೆದುರು ಒಬ್ಬರು ಕೊಳವೆ ಕಚ್ಚಿಕೊಂಡು ಊದುತ್ತಿದ್ದರು, ಹೊರಗೆ ಸಾಲು ನಿಂತಿತ್ತು. ಕಾಕುವಿನ ದನಿಯಲ್ಲಿ ಸಂತೋಷವಿತ್ತು. "ಸೀಟಿ ನಿಂತೈತೆವ್ವಾ. ಗ್ವಾಡಿಗೆ ಆನಿಕೊಂಡು ಕಣ್ಣು ಮುಚ್ಚ್ಯಾರ. ಊಟಕ್ಕ ಎಬ್ಬಿಸ್ಲೇನು?"

ಫೋನನ್ನು ಭುಜಕ್ಕೆ ಸಿಕ್ಕಿಸಿಕೊಂಡು, ಪರದೆಯ ಗೆರೆ ನೋಡುತ್ತಾ ನಾನಂದೆ: "ಚಲೋ ಆತ್ರಿ ಕಾಕು. ಎಬ್ಬಿಸಬ್ಯಾಡ್ರಿ, ಮಕ್ಕೊಳ್ಲಿ."

ಇನ್ನೂ ಇಬ್ಬರ ಪರೀಕ್ಷೆ ಮುಗಿಸಿದೆ. ಮೂರನೆಯವರಿಗೆ ಹೊಸ ಕೊಳವೆ ಜೋಡಿಸುತ್ತಿದ್ದಾಗ ನನ್ನ ಬಾಯಿಂದ ಏನು ಬಂದಿತ್ತೆಂದು ನನಗೇ ಗೊತ್ತಾಯಿತು. ಫೋನ್ ಮಾಡಿದೆ. ಕಾಕು ಎತ್ತಲಿಲ್ಲ. ಮತ್ತೆ ಮಾಡಿದಾಗ ನನ್ನ ಅವ್ವ ಎತ್ತಿದಳು. ಅವಳ ಹಿಂದೆ ಕಾಕು ಅಳುವುದು ಕೇಳಿಸಿತು.

ಕಾಕು ಮನೆಗೆ ಬಂದವರಿಗೆಲ್ಲ ಇವತ್ತಿಗೂ ಹೇಳುತ್ತಾರೆ: "ಕಡೀಗೆ ಏನೂ ತ್ರಾಸ ಆಗ್ಲಿಲ್ಲರಿ. ಸೀಟಿ ತಾನ ನಿಂತು ನಿದ್ದಿ ಹತ್ತಿತು. ಈಕಿನೂ ಫೋನಿನ್ಯಾಗ ಚಲೋ ಆತು ಅಂದ್ಲು. ದವಾಖಾನ್ಯಾಗ ಇರಾಕಿ, ಆಕಿಗೆ ಗೊತ್ತಿರ್ತೈತಿ." ನಾನು ಪಕ್ಕದಲ್ಲಿ ಕೂತು ತಲೆಯಾಡಿಸುತ್ತೇನೆ. ನಿಜ ಹೇಳಿದರೆ ಅವರಿಗೆ ಉಳಿದಿರುವ ಒಂದು ಸಮಾಧಾನವೂ ಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಧೈರ್ಯವಿಲ್ಲದವಳ ನೆಪ ಅದು. ನನ್ನನ್ನು ಉಳಿಸಿದ ಮಾತು ನನಗೆ ಗೊತ್ತಿತ್ತು, ಕಾಕಾರಿಗೆ ಬೇಕಾದ ಗಳಿಗೆಯಲ್ಲಿ ನೆನಪಾಗಲಿಲ್ಲ. ಇದಕ್ಕೆ ಪರಿಹಾರವಿಲ್ಲ.

ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಅವರ ಉಸಿರಿನ ರೆಕಾರ್ಡಿಂಗ್ ಹಾಗೇ ಇದೆ. ಹೆಸರಿಲ್ಲ, ಬರೀ ಒಂದು ನಂಬರು. ಊಟದ ಬಿಡುವಿನಲ್ಲಿ ಕೆಲವೊಮ್ಮೆ ಹೆಡ್‌ಫೋನ್ ಹಾಕಿಕೊಂಡು ಕೇಳುತ್ತೇನೆ. ಉದ್ದಕ್ಕೂ ಸೀಟಿ, ನಡುವೆ ಒಮ್ಮೆ ಗಂಟಲು ಸರಿಮಾಡಿಕೊಂಡದ್ದು, ಮತ್ತೆ ಸೀಟಿ. ಕೊನೆಗೆ ರೆಕಾರ್ಡಿಂಗ್ ಮುಗಿದು ಸದ್ದು ನಿಲ್ಲುತ್ತದೆ. ಪ್ರತಿ ಸಲವೂ ನಾನು ಕುರ್ಚಿಯಿಂದ ಧಡಕ್ಕನೆ ಎದ್ದು ನಿಲ್ಲುತ್ತೇನೆ. ಓಡಿ ಹೋಗಲು ಈಗ ಮನೆಯಲ್ಲಿ ಅವರಿಲ್ಲ.